ಮೊದಲು ಉತ್ತರ ಕೊಟ್ಟವನು

ಈಗ ನಮ್ಮ ಊರಿನ ಕಣಕ್ಕೆ ಸುತ್ತಲಿನ ಹತ್ತೂರಿನವರು ಬರುತ್ತಾರೆ. ಗುಡ್ಡದ ಓರೆಗೆ ಕಲ್ಲಿನ ಮೆಟ್ಟಿಲು ಕಡೆದು ಕೂರಲು ಜಾಗ ಮಾಡಿದ್ದಾರೆ. ಮೂರು ತಂಡಗಳಿವೆ, ತಂಡಕ್ಕೆ ಕಟ್ಟಿಕೊಂಡು ಆಡಲು ಮೂರು ಬಟ್ಟೆಯ ಮುಖಗಳಿವೆ, ಚೆನ್ನಾಗಿ ಉತ್ತರ ಕೊಟ್ಟ ತಂಡಕ್ಕೆ ಒಂದು ಹೋತ ಬಹುಮಾನ. ಹೋದ ವರ್ಷ ಗೆದ್ದವರು ಹೋತವನ್ನು ಅಂದೇ ಕೊಯ್ದು ಸೋತವರನ್ನೂ ಕರೆದು ಬಡಿಸಿದರು. ಅಷ್ಟು ಒಳ್ಳೆಯವರೆಂದಲ್ಲ, ಹೋತ ದೊಡ್ಡದಿತ್ತು. ಮುಖ ಮಾಡಿಸಿಕೊಳ್ಳಲು ನನ್ನ ಹತ್ತಿರ ಬಂದವರು ಕೇಳುತ್ತಾರೆ, "ಅಡಿವೆಕ್ಕ, ಇದನ್ನ ಮೊದಲ ಶುರು ಮಾಡಿದವರು ಯಾರ?" ಮಲಕಪ್ಪ ಅನ್ನುತ್ತೇನೆ. ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಮಲಕಪ್ಪ ತೀರಿಹೋಗಿ ಒಂಬತ್ತು ವರ್ಷವಾಯಿತು. ಇನ್ನು ಉಳಿದದ್ದನ್ನು ಹೇಳಿದರೆ ಯಾರಿಗೂ ಕೆಡುಕಿಲ್ಲ.

ನಾನು ಬಟ್ಟೆ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡುವವಳು. ನಮ್ಮ ಊರಿನಲ್ಲಿ ಒಬ್ಬರೇ ಕೂತು ಅಳಲು ಬರುವುದಿಲ್ಲ. ಮನೆಯಲ್ಲಿ ಹೆಣವಿದ್ದರೂ ಕಣ್ಣು ಒಣಗಿಯೇ ಇರುತ್ತದೆ. ಉಳ್ಳಾಗಡ್ಡಿ ಹೆಚ್ಚಿದರೂ ನೀರಿಲ್ಲ, ಕೂಸುಗಳು ಬರೀ ಗಂಟಲಿನಿಂದ ಕಿರುಚುತ್ತವೆ. ವರ್ಷಕ್ಕೆ ಒಂದು ದಿನ, ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ, ಊರೆಲ್ಲ ಗುಡ್ಡದ ಓರೆಯ ಮೇಲೆ ಕೂರುತ್ತದೆ. ಕೆಳಗೆ ಕಣದ ನಡುವೆ ಎತ್ತು ಕಟ್ಟುವ ಮೇಟಿ ಕಂಬವಿದೆ. ಅದರ ಸುತ್ತ, ಎತ್ತು ತಿರುಗಿದ ದಾರಿಯಲ್ಲೇ, ಹದಿನೈದು ಮಂದಿ ಹಾಡುತ್ತ ತಿರುಗುತ್ತಾರೆ. ಆಗ ಅಳು ಬರುತ್ತದೆ, ಎಲ್ಲರಿಗೂ ಒಟ್ಟಿಗೆ. ಶ್ರಾವಣದಲ್ಲಿ ಯಾರಾದರೂ ಸತ್ತರೆ ಮನೆಯವರು "ಕಣದ ದಿನ ಅತ್ತರಾತು" ಎಂದು ಎದ್ದು ಹೊಲಕ್ಕೆ ಹೋಗುತ್ತಾರೆ. ಹೊರಗಿನಿಂದ ಬಂದ ಸೊಸೆಯಂದಿರಿಗೆ ಮೊದಲ ವರ್ಷ ಕಷ್ಟ. ಅತ್ತೆ ಏನಾದರೂ ಅಂದಾಗ ಮೂಲೆಯಲ್ಲಿ ಕೂತು ಪ್ರಯತ್ನಪಟ್ಟು ಸೋತು, ಕೊನೆಗೆ ಎದುರು ನಿಂತು ಜಗಳವಾಡುವುದನ್ನು ಕಲಿಯುತ್ತಾರೆ.

ಹಾಡು ಬಹಳ ಸರಳ. ಸತ್ತವರ ಹೆಸರು ಹಿಡಿದು "ಎಲ್ಲಿ ಅದೀಯೋ?" ಎಂದು ಹದಿನೈದು ಮಂದಿ ಒಂದೇ ದನಿಯಲ್ಲಿ ಕೇಳುತ್ತಾರೆ. ಕೇಳಿ, ಮೂರು ಹೆಜ್ಜೆ ಬಾಯಿ ಮುಚ್ಚಿ ನಡೆಯುತ್ತಾರೆ. ಆ ಮೂರು ಹೆಜ್ಜೆ ಸತ್ತವರ ಉತ್ತರಕ್ಕೆ ಬಿಟ್ಟ ಜಾಗ. ಉತ್ತರ ಬರುವುದಿಲ್ಲ. ಆ ಸುಮ್ಮನಿರುವಿಕೆಗೇ ಮೇಲೆ ಕೂತವರಿಗೆ ಅಳು ಒಡೆಯುತ್ತಿತ್ತು.

ಮರುದಿನ ಊರಿನ ಸೀರೆ, ಟವೆಲ್ಲುಗಳೆಲ್ಲ ನನ್ನ ಹತ್ತಿರ ಬರುತ್ತವೆ. ಕಣ್ಣೀರು ಒರೆಸಿದ ಬಟ್ಟೆ ಒಣಗಿದ ಮೇಲೆ ಅದಕ್ಕೆ ಬಿಳಿ ಅಂಚು ಕೂರುತ್ತದೆ. ಹಾಗಾಗಿ ಯಾರು ಎಷ್ಟು ಅತ್ತರೆಂದು ಅವರ ಮನೆಯವರಿಗಿಂತ ಮೊದಲು ನನಗೆ ತಿಳಿಯುತ್ತದೆ. ಏಳೆಂಟು ವರ್ಷಗಳಿಂದ ಆ ಅಂಚು ಸಣ್ಣದಾಗುತ್ತ ಬಂದಿತ್ತು. ಹಾಡು ಎಲ್ಲರಿಗೂ ಬಾಯಿಪಾಠವಾಗಿತ್ತು. ಮೂರು ಹೆಜ್ಜೆ ಬಂದಾಗ ಜನ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನಗೆ ಗೊತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ಬಟ್ಟೆ ಒಗೆಯುವವರು ಬಾಯಿ ಬಿಟ್ಟರೆ ಊರಿನಲ್ಲಿ ಯಾರೂ ಬಟ್ಟೆ ಕೊಡುವುದಿಲ್ಲ.

ಕಲ್ಲವ್ವನ ಗಂಡ ಬಾಳಪ್ಪ ಬಾವಿ ತೋಡುವವನು. ಮಲಕಪ್ಪ ಅವನ ಜೊತೆಗಾರ. ಒಬ್ಬ ಕೆಳಗಿಳಿದು ಅಗೆದರೆ ಇನ್ನೊಬ್ಬ ಮೇಲೆ ಹಗ್ಗ ಹಿಡಿಯುತ್ತಿದ್ದ. ಬಾವಿ ಕೆಲಸದಲ್ಲಿ ಒಂದು ಪದ್ಧತಿಯಿದೆ. ಬುಟ್ಟಿಗೊಮ್ಮೆ ಮೇಲಿದ್ದವನು "ಎಲ್ಲಿ ಅದೀಯೋ" ಅನ್ನಬೇಕು, ಕೆಳಗಿದ್ದವನು "ಇಲ್ಲೇ ಅದೀನಿ" ಅನ್ನಬೇಕು. ಕೆಳಗಿನವನು "ಎಳಿ" ಅಂದರೆ ಬುಟ್ಟಿಯನ್ನಾಗಲಿ ಆಳನ್ನಾಗಲಿ ಮೇಲಿನವನು ಕೈಯಲ್ಲಿದ್ದದ್ದನ್ನು ಬಿಟ್ಟು ಎಳೆಯಬೇಕು. ಬೇವಿನ ಮರದ ಹತ್ತಿರದ ಬಾವಿಯಲ್ಲಿ, ಐದಾಳು ಆಳದಲ್ಲಿ, ಮಣ್ಣು ಕುಸಿದು ಬಾಳಪ್ಪ ಸತ್ತ. "ಕರದೆ, ಕರದೆ, ಉತ್ತರಾ ಬರಲಿಲ್ಲ" ಎಂದು ಮಲಕಪ್ಪ ಹೇಳಿದ. ಆ ಬಾವಿಯನ್ನು ಹಾಗೇ ಬಿಟ್ಟರು. ಮಲಕಪ್ಪ ಆಮೇಲೆ ಹಗ್ಗ ಮುಟ್ಟಲಿಲ್ಲ.

ಮೊದಲನೆಯ ಕಣದ ದಿನ ಕಲ್ಲವ್ವ ಅಳಲಿಲ್ಲ. ಪಕ್ಕದಲ್ಲಿ ಕೂತಿದ್ದ ನನಗೆ ಒಂದೇ ಮಾತು ಅಂದಳು, "ಒಂದ ಮಾತೂ ಅನ್ನದ ಹ್ವಾದ್ರಲ್ಲಕ್ಕ." ಆಮೇಲೆ ಮಾತೇ ನಿಂತಿತು. ವಾರಕ್ಕೊಮ್ಮೆ ಬಟ್ಟೆ ಕೊಡುವಾಗ ಬಾಳಪ್ಪನ ನೀಲಿ ಗೀರಿನ ಅಂಗಿಯನ್ನೂ ಕೊಡುತ್ತಿದ್ದಳು. ಅದನ್ನು ಯಾರೂ ತೊಟ್ಟಿರುತ್ತಿರಲಿಲ್ಲ. ನಾನೂ ಏನೂ ಅನ್ನದೆ ಒಗೆದು ಇಸ್ತ್ರಿ ಮಾಡಿ ಕೊಡುತ್ತಿದ್ದೆ. ನಾಲ್ಕು ವರ್ಷದ ಮಗಳಿಗೆ ತಲೆ ಬಾಚುವುದನ್ನೂ ಅವಳು ಮರೆಯುತ್ತಿದ್ದಳು.

ಎರಡು ಕಣ ದಾಟಿಯೂ ಅಳದವರು ಏನಾಗುತ್ತಾರೆಂದು ನಮ್ಮ ಊರಿಗೆ ಗೊತ್ತು. ನಮ್ಮ ಓಣಿಯಲ್ಲೇ ಸಂಗವ್ವ ಎಂಬುವಳಿದ್ದಳು. ಮೂರನೆಯ ವರ್ಷ ಅಂಗಳದಲ್ಲಿ ಕೂತವಳು ಏಳಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ತುತ್ತು ಇಟ್ಟರೆ ನುಂಗುತ್ತಿದ್ದಳು, ಇಡದಿದ್ದರೆ ಇಲ್ಲ. ಮಗ ಎದುರು ಬಂದು ನಿಂತರೂ ಗೋಡೆ ನೋಡಿದ ಹಾಗೆ ನೋಡುತ್ತಿದ್ದಳು. ಹಾಗೇ ನಾಲ್ಕು ವರ್ಷ ಇದ್ದು ಹೋದಳು. ಆದ್ದರಿಂದ ಕಲ್ಲವ್ವನ ಎರಡನೆಯ ಕಣದ ದಿನ ನಾನು ಅವಳ ತೋಳು ಹಿಡಿದೇ ಕೂತಿದ್ದೆ.

ಆ ವರ್ಷ ಹದಿನೈದರಲ್ಲಿ ಒಬ್ಬನಿಗೆ ಜ್ವರ. ದನಿ ಚೆನ್ನಾಗಿದೆಯೆಂದು ಮುಂದಾಳು ಬಸಲಿಂಗಪ್ಪಗೌಡರು ಮಲಕಪ್ಪನನ್ನು ಸೇರಿಸಿಕೊಂಡಿದ್ದರು. ಬಾಳಪ್ಪನ ಸರದಿ ಬಂತು. "ಎಲ್ಲಿ ಅದೀಯೋ ಬಾಳಪ್ಪ, ಎಲ್ಲಿ ಅದೀ?" ಎಂದು ಹಾಡು ನಿಂತಿತು. ಮೊದಲನೆಯ ಹೆಜ್ಜೆ ಇಟ್ಟರು. ಎರಡನೆಯ ಹೆಜ್ಜೆಗೆ ಮಲಕಪ್ಪ ದೊಡ್ಡ ದನಿಯಲ್ಲಿ, "ಇಲ್ಲೇ ಅದೀನಿ!" ಅಂದ.

ಓರೆಯ ಮೇಲೆ ಯಾರೋ ಕಿಸಕ್ಕೆಂದರು. ಹಾಡುವವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತರು. ಗೌಡರು ಮಲಕಪ್ಪನ ಭುಜ ಹಿಡಿದು ಸಾಲಿನಿಂದ ಹೊರಗೆಳೆದರು.

"ಇಷ್ಟ ಮಂದಿ ಮುಂದ ಸುಳ್ಳ ಹೇಳಾಕ ನಾಚಿಕಿ ಬರಲಿಲ್ಲೇನಲೇ? ಎಲ್ಲಿ ಅದಾನ ಬಾಳಪ್ಪ? ತೋರಸ ನೋಡೋಣು!"

"ತಪ್ಪಾತ್ರೀ ಗೌಡ್ರ. ಬಾಯಿಗೆ ಬಂದಬಿಡ್ತು. ಎಲ್ಲಿ ಅದೀ ಅಂದ್ರ ಅನ್ನಾಕ ಬೇಕ್ರಿ ನಮ್ಮ ಕೆಲಸದಾಗ."

"ಇದೇನು ಬಾವಿ ಏನಲೇ?" ಎಂದು ಮೇಲಿನಿಂದ ಒಬ್ಬ ಕೂಗಿದ. ಇನ್ನೊಬ್ಬ, "ಬಿಡೋ, ಬಾವ್ಯಾಗ ಬೀಳದವ ಕಣದಾಗ ಬಿದ್ದ" ಅಂದ. ಜನ ನಕ್ಕರು. ನಕ್ಕ ಮೇಲೆ ಅಳು ಎಲ್ಲಿಂದ ಬರಬೇಕು? ಅಂದು ಇಡೀ ಊರು ಒಣ ಕಣ್ಣಿನಲ್ಲಿ ಮನೆಗೆ ಹೋಯಿತು.

ನಾನು ಮಾತ್ರ ಕಲ್ಲವ್ವನನ್ನು ನೋಡುತ್ತಿದ್ದೆ. "ಇಲ್ಲೇ ಅದೀನಿ" ಅಂದ ಕ್ಷಣ ಅವಳ ತಲೆ ಥಟ್ಟನೆ ಎದ್ದಿತ್ತು. ಇಳಿದು ಹೋಗುವಾಗ, ಒಂದು ವರ್ಷದ ಮೇಲೆ, ತಾನಾಗಿ ಬಾಯಿಬಿಟ್ಟಳು. "ಅಕ್ಕ, ಯಾಕ ನಿಲ್ಲಿಸಿದ್ರು? ಅವರು ಮುಂದೇನೋ ಅನ್ನಾವರಿದ್ರು."

ಮಾರನೆಯ ದಿನ ಬೆಳಿಗ್ಗೆ ಬಟ್ಟೆಯ ಗಂಟು ಹೊತ್ತು ಗೌಡರ ಮನೆಗೆ ಹೋದೆ. ಅವರು ಜಗುಲಿಯ ಮೇಲೆ ಒಬ್ಬರೇ ಕೂತಿದ್ದರು. ಅವರ ಹೆಂಡತಿ ತೀರಿಯೂ ಎರಡು ಕಣವಾಗಿತ್ತು.

"ಗೌಡ್ರ, ನಿನ್ನಿ ಹಾಡು ಇನ್ನೊಮ್ಮೆ ಹಾಡಸ್ರಿ. ಮಲಕಪ್ಪ ಉತ್ತರಾ ಕೊಡಲಿ."

"ತಲಿ ನೆಟ್ಟಗ ಐತೇನ ಅಡಿವೆಕ್ಕ? ಸತ್ತವರ ಜಾಗದಾಗ ಬದುಕಿದಾವ ಮಾತಾಡೂದು ಅಂದ್ರ ಸುಳ್ಳಲ್ಲೇನು? ನಮ್ಮಪ್ಪನ ಕಾಲದಿಂದ ಹದಿನೈದು ಮಂದಿ, ಒಂದ ದನಿ. ಹಂಗ ಅತ್ತೀವಿ ನಾವು."

"ಎಲ್ಲಿ ಅತ್ತೀರಿ?" ಅಂದೆ. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದೆ. "ಹ್ವಾದ ವರ್ಷನೂ ನೀವು ಟವೆಲ್ಲ ನೀರಾಗ ಅದ್ದಿ ಕೊಟ್ರಿ, ನಿನ್ನಿನೂ ಅದ್ದೀರಿ. ಬರೀ ನೀರಿಗೆ ಅಂಚು ಕೂಡಾಂಗಿಲ್ರಿ ಗೌಡ್ರ. ನಾ ಯಾರಿಗೂ ಹೇಳಿಲ್ಲ, ಹೇಳೂದೂ ಇಲ್ಲ. ಆದ್ರ ಮೂರನೇ ವರ್ಷ ಬರತೈತಿ. ಸಂಗವ್ವನ್ನ ನೀವೂ ನೋಡೀರಿ."

ಗೌಡರು ನನ್ನ ಗಂಟಿನಿಂದ ತಮ್ಮ ಟವೆಲ್ಲು ಎಳೆದು, ಮಡಿಚಿ, ಮತ್ತೆ ಒಳಗಿಟ್ಟರು. ಆಮೇಲೆ, "ಮಲಕಪ್ಪ ಎದ್ದು ನಿಂತ್ರ ಮಂದಿಗೆ ಮಲಕಪ್ಪನ ಕಾಣತಾನ. ಮತ್ತ ನಗತಾರ" ಅಂದರು.

ಆ ಮಾತು ಸರಿಯಿತ್ತು. ನಾನೂ ಅದನ್ನೇ ಯೋಚಿಸಿದ್ದೆ. "ತನ್ನ ಮುಖ ಇಟಗೊಂಡು ಹೇಳಿದ್ರ ಸುಳ್ಳು, ನಗೂ ಬರತೈತಿ. ಅವಗ ಬ್ಯಾರೆ ಮುಖ ಕೊಡೋಣು."

"ಮುಖ ಎಲ್ಲಿಂದ ತರತಿ?"

"ನನ್ನ ಕಡೆ ಗಂಜಿ ಐತ್ರಿ."

ಬಟ್ಟೆ ಯಾವುದೆಂಬ ಪ್ರಶ್ನೆ ಉಳಿದಿತ್ತು. ಕಲ್ಲವ್ವನ ಮನೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. "ಅಂಗಿ ಹರೀಬೇಕಾಗತೈತಿ ಕಲ್ಲವ್ವ. ಮತ್ತ ಹೊಲದ ಕೊಡಾಕ ಆಗೂದಿಲ್ಲ." ಅವಳು ಒಳಗೆ ಹೋಗಿ ಅಂಗಿ ತಂದಳು. ನನ್ನ ಕೈಗೆ ಕೊಡುವ ಮೊದಲು ತಾನೇ ಹೆಗಲ ಹೊಲಿಗೆ ಹಿಡಿದು ಪರ್ರೆಂದು ಹರಿದಳು.

ಗಂಜಿಯೊಂದರಿಂದಲೇ ಮುಖ ನಿಲ್ಲಲಿಲ್ಲ. ಹುಣಸೆಬೀಜದ ಅಂಟು ಕುದಿಸಿ ಸೇರಿಸಿದೆ. ಗಡಿಗೆಯನ್ನು ಬೋರಲು ಹಾಕಿ ಅದರ ಮೇಲೆ ಏಳು ಪದರ ಬಟ್ಟೆ ಹಚ್ಚಿ ಬಿಸಿಲಿಗಿಟ್ಟೆ. ಮೂರನೆಯ ದಿನ ಗಡಿಗೆಯಿಂದ ಬಿಡಿಸಿ ಕಣ್ಣು ಕೊರೆದೆ, ಬಾಯಿ ಸಣ್ಣಗೆ ಕೊರೆದೆ. ನನಗೆ ಚಿತ್ರ ಬರೆಯಲು ಬರುವುದಿಲ್ಲ. ಅದು ಬಾಳಪ್ಪನ ಹಾಗೇನೂ ಇರಲಿಲ್ಲ. ಮಲಕಪ್ಪನೂ ಅಲ್ಲ, ಅಷ್ಟೇ. ನಾನೇ ಕಟ್ಟಿಕೊಂಡು ಮಾತಾಡಿದರೆ ದನಿ ಒಳಗೇ ಉಳಿಯಿತು. ನನ್ನ ಗಂಡ, "ಗಡಿಗ್ಯಾಗ ಬೆಕ್ಕ ಕೂತಂಗ ಐತಲೇ" ಅಂದ. ಮುಷ್ಟಿ ತೂರುವಷ್ಟು ಬಾಯಿ ಅಗಲಿಸಿದ ಮೇಲೆ ದನಿ ಗುಡ್ಡದ ತುದಿಯವರೆಗೆ ಹೋಯಿತು. ಅಂದಿನಿಂದ ಎಲ್ಲ ಮುಖಕ್ಕೂ ನಾನು ಹಾಗೇ ಬಾಯಿ ಕೊರೆಯುತ್ತೇನೆ. ದೂರದಿಂದ ಬಂದ ತಿಳಿದವರು ಅದು ಸಾವಿಗೆ ಬೆಚ್ಚಿದ ಬಾಯಿ ಎಂದೆಲ್ಲ ಹೇಳುತ್ತಾರೆ. ನಾನು ಹೂಂ ಅನ್ನುತ್ತೇನೆ.

ಮಲಕಪ್ಪನನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು. "ನಾ ಒಲ್ಲೆ ಅಕ್ಕ. ಬಾಳಪ್ಪನ ಮಾತು ನನ್ನ ಬಾಯಾಗ ಬರಬಾರದು" ಎಂದು ಎರಡು ದಿನ ತಪ್ಪಿಸಿಕೊಂಡು ತಿರುಗಿದ. ಸಂಕೋಚವೆಂದುಕೊಂಡೆ. "ಬಹಳೇನ ಅನಬ್ಯಾಡೋ ತಮ್ಮಾ. ಇಲ್ಲೇ ಅದೀನಿ ಅನ್ನು. ಭೂಮಿತಾಯಿ ಕರದಳು, ಹ್ವಾದೆ ಅನ್ನು. ಮಗಳನ್ನ ಚಲೋ ನೋಡ್ಕೋ ಅನ್ನು. ಮೂರ ಮಾತು. ಆ ಹುಡಿಗಿ ಕಲ್ಲಾಗಾಕತ್ತೈತಿ, ಕಾಣವಲ್ದೇನ ನಿನಗ?" ಅಂದೆ. ಅವನು ನಾನು ತಂದಿದ್ದ ಗಂಜಿಯ ಮುಖವನ್ನು ತಿರುಗಿಸಿ ಅದರ ಒಳಗಿನ ಬದಿ ನೋಡುತ್ತ, "ಇದನ್ನ ಹಾಕ್ಕೊಂಡು ಆಡಿದ ಮಾತಿಗೆ ಯಾರ ಹೊಣಿ?" ಎಂದು ಕೇಳಿದ. ಬಾಳಪ್ಪ, ಅಂದೆ. ಆಗ ಒಪ್ಪಿಕೊಂಡ.

ಹದಿನೈದನೆಯ ದಿನ ಬೆಳಿಗ್ಗೆ ಊರು ಮತ್ತೆ ಓರೆಯ ಮೇಲೆ ಕೂತಿತು. ಅವನು ಮುಂಚೆಯೇ ಕಾಣಬಾರದೆಂದು ಕಣದ ಅಂಚಿಗೆ ಎರಡು ಗಳು ನೆಟ್ಟು, ಹಗ್ಗ ಕಟ್ಟಿ, ಎರಡು ಸೀರೆ ಇಳಿಬಿಟ್ಟಿದ್ದೆ. ನಾನೂ ಅದರ ಹಿಂದೆಯೇ ಇದ್ದೆ. ಹಾಡು ಶುರುವಾಗಿ ಮಲಕಪ್ಪ ಮುಖ ಕಟ್ಟಿಕೊಂಡು ಹೊರಗೆ ಹೋದಾಗ ಮೇಲಿನಿಂದ, "ಗಡಿಗಿ ಬಂತು ನೋಡ್ರೋ!" ಎಂದು ಕೂಗಿದರು. "ಮಲಕಾ, ಒಳಗ ಸೆಕಿ ಆಗೂದಿಲ್ಲೇನಲೇ?" ಎಂದು ಮತ್ತೊಬ್ಬ. ಗೌಡರು ನಿಲ್ಲಿಸಲಿಲ್ಲ. ಹಾಡಿನವರು ಕೇಳಿದರು, "ಎಲ್ಲಿ ಅದೀಯೋ ಬಾಳಪ್ಪ, ಎಲ್ಲಿ ಅದೀ?"

"ಇಲ್ಲೇ ಅದೀನಿ."

ನಗು ನಿಂತಿತು. ಸೀರೆಯ ಸಂದಿನಿಂದ ನೋಡಿದರೆ ಎಲೆ ಮಡಚುವವರ ಕೈಗಳು ಹಾಗೇ ನಿಂತಿದ್ದವು. ನೋಡುತ್ತಿದ್ದದ್ದು ನನ್ನ ಗಂಜಿ ಬಟ್ಟೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಾನು ಸೀರೆಯಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಗೌಡರು ಹೊಸದಾಗಿ ಸೇರಿಸಿದ್ದ ಪ್ರಶ್ನೆಯನ್ನು ಹಾಡಿನವರು ಕೇಳಿದರು, "ಯಾಕ ಹ್ವಾದ್ಯೋ ಬಾಳಪ್ಪ, ಯಾಕ ಹ್ವಾದಿ?"

ಭೂಮಿತಾಯಿ ಕರೆದಳು ಅನ್ನಬೇಕಿತ್ತು. ಅವನು ಅನ್ನಲಿಲ್ಲ. ಮೂರು ಹೆಜ್ಜೆ ಮುಗಿದವು. ನಾಲ್ಕನೆಯದಕ್ಕೆ, "ಮಣ್ಣ ಉದುರಾಕ ಹತ್ತಿತ್ತು. ಎಳಿ ಅಂದೆ" ಅಂದ.

ಹಾಡಿನವರಿಗೆ ಮುಂದೆ ಏನು ಹಾಡಬೇಕೆಂದು ತಿಳಿಯಲಿಲ್ಲ. ಗೌಡರೇ, ಹಾಡಿನ ದನಿ ಬಿಟ್ಟು, ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದರು, "ಎಳೀಲಿಲ್ಲೇನು?"

"ಎರಡ ಸಲ ಅಂದೆ. ಎಳಿಯೋ ಮಲಕಾ, ಎಳಿಯೋ ಅಂತ. ಹಗ್ಗ ಅಳಗ್ಯಾಡಲಿಲ್ಲ."

"ಮಲಕಪ್ಪ ಎಲ್ಲಿದ್ದ?"

"ಬೇವಿನ ಗಿಡದ ನೆಳ್ಳಿಗೆ. ಬಾಯಾಗ ಎಲಿ ಇತ್ತು. ಬುಟ್ಟಿ ತುಂಬಿರಬೇಕು, ಎಲಿ ಮುಗಿಸಿ ಎಳದರಾತು ಅಂದ್ಕೊಂಡ. ಎದ್ದು ಬರೂದರಾಗ ಆಗಿತ್ತು." ಮುಖ ಓರೆಯ ಕಡೆಗೆ ತಿರುಗಿತು. "ಕಲ್ಲವ್ವಗ ಹೇಳ್ರಿ. ನಾ ಸುಮ್ಮನ ಹೋಗಲಿಲ್ಲ. ಬಾಯಿ ಇರೂ ತನಕ ಕರದೆ."

ಮೊದಲು ಒಂದು ಒಣ ದನಿ ಕೇಳಿತು, ಕೀಲಿಗೆ ಎಣ್ಣೆಯಿಲ್ಲದ ಬಾಗಿಲು ತೆರೆದ ಹಾಗೆ. ಅದು ಕಲ್ಲವ್ವ. ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು, ಅವಳ ಪಕ್ಕದವರಿಗೆ ಬಂತು, ಹಾಗೇ ಇಡೀ ಓರೆ ಅತ್ತಿತು. ಏಳೆಂಟು ವರ್ಷದ ಬಾಕಿ ಅಳು. ಗೌಡರು ಮೇಟಿ ಹಿಡಿದು ನೆಲಕ್ಕೆ ಕೂತು ಹೆಂಡತಿಯ ಹೆಸರು ಹಿಡಿದು ಅತ್ತರು. ನಾನೂ ಯಾರಿಗಾಗಿಯೋ ಅತ್ತುಬಿಟ್ಟೆ.

ಇಳಿದು ಹೋಗುವಾಗ ಜನ ಮೂಗು ಒರೆಸಿಕೊಳ್ಳುತ್ತ ಮಲಕಪ್ಪನನ್ನು ಹೊಗಳುತ್ತಿದ್ದರು. "ಏನ ಉತ್ತರಾ ಕೊಟ್ಟ ಮಾರಾಯ! ಊರ ಅಳಬೇಕಂತ ತನ್ನನ್ನ ತಾನ ಕೆಟ್ಟವ ಮಾಡ್ಕೊಂಡ ನೋಡು. ಯಾರ ಮಾಡತಾರ?" ಎಲ್ಲರಿಗೂ ಅದು ಚೆನ್ನಾಗಿ ಕಟ್ಟಿದ ಮಾತು. ನನಗೆ ಮಾತ್ರ ಒಂದು ವಿಷಯ ಸರಿಬರಲಿಲ್ಲ. ಸುಳ್ಳು ಕಟ್ಟುವವನು ಕರೆದೆ ಅನ್ನುತ್ತಾನೆ. ಎಷ್ಟು ಸಲ ಎಂದು ಎಣಿಸುವುದಿಲ್ಲ.

ಮಲಕಪ್ಪ ಸೀರೆಯ ಹಿಂದೆ ಬಂದು ನೆಲದ ಮೇಲೆ ಕೂತ. ಮುಖ ಬಿಚ್ಚಲಿಲ್ಲ. ನೀರು ಕೊಟ್ಟೆ, ಕುಡಿಯಲಿಲ್ಲ. ಅಷ್ಟರಲ್ಲಿ ಸೀರೆ ಸರಿಸಿ ಕಲ್ಲವ್ವ ಬಂದಳು. ಕಣ್ಣು ಊದಿ ಕೆಂಪಾಗಿದ್ದವು, ಉಸಿರು ಇನ್ನೂ ಬಿಕ್ಕುತ್ತಿತ್ತು. ಅವನ ಹಿಂದೆ ನಿಂತು, ತಲೆಯ ಹಿಂದಿನ ಗಂಟು ತಾನೇ ಬಿಚ್ಚಿ, ಮುಖ ತೆಗೆದು ನನ್ನ ಕೈಗೆ ಕೊಟ್ಟಳು. ಆಮೇಲೆ ಅವನ ಎದುರಿಗೆ ಕೂತಳು.

"ಈಗ ನೀ ಹೇಳ ಮಲಕಣ್ಣ. ಎಳಿ ಅಂದದ್ದು ನಿನಗ ಕೇಳಿತ್ತು."

ಅವನು ನನ್ನ ಕಡೆ ನೋಡಿದ. ಅಲ್ಲಿ ನಾನು ಮಾಡುವುದೇನೂ ಇರಲಿಲ್ಲ.

"ಕೇಳಿತ್ತು ತಂಗಿ."

"ಎರಡೂ ಸಲ?"

"ಎರಡೂ ಸಲ."

"ಅವರು ನನ್ನ ಹೆಸರ ಹಿಡದ ಕರದ್ರೇನು?"

ಇಲ್ಲಿ ಅವನು ಹೂಂ ಅನ್ನಬಹುದಿತ್ತು. ಹೂಂ ಅಂದರೆ ಅವಳಿಗೆ ಹಗುರ, ಅವನಿಗೂ ಹಗುರ. ಅನ್ನಲಿ ಎಂದು ನಾನೂ ಮನಸ್ಸಿನಲ್ಲೇ ಅಂದುಕೊಂಡೆ. ಅವನು ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದ. "ಇಲ್ಲ ತಂಗಿ. ನನ್ನ ಹೆಸರ ಅಂದ."

ಕಲ್ಲವ್ವ ಎದ್ದಳು. ಸೀರೆ ಕಟ್ಟಿದ ಗಳು ಅವಳ ಕೈಗೆ ಹತ್ತಿರವಿತ್ತು. ಕಿತ್ತು ಹೊಡೆದಾಳೆಂದು ನಾನು ಒಂದು ಹೆಜ್ಜೆ ಮುಂದೆ ಬಂದೆ. ಅವಳು ಸೆರಗು ಸರಿಮಾಡಿಕೊಂಡು, "ಆ ಬಾವಿ ಅರ್ಧಕ್ಕ ನಿಂತೈತಿ. ನಾಳಿ ಮುಂಜಾನೆ ಹಗ್ಗ ತಗೊಂಡ ಬಾ. ನೀ ಇಳಿ. ಮ್ಯಾಲ ನಾ ನಿಂದರತೀನಿ" ಅಂದು ಹೊರಟುಹೋದಳು.

ಮರುದಿನ ಒಗೆದ ಬಟ್ಟೆಗಳನ್ನು ಬೇವಿನ ಮರದ ಹತ್ತಿರದ ಪೊದೆಗಳ ಮೇಲೆ ಹರವಲು ಹೋದೆ. ಅಲ್ಲಿ ನಾನು ಎಂದೂ ಬಟ್ಟೆ ಹರವಿದವಳಲ್ಲ. ಕಲ್ಲವ್ವನಿಗೂ ಮಲಕಪ್ಪನಿಗೂ ಅದು ಗೊತ್ತಿತ್ತು. ಮಲಕಪ್ಪನ ಹೆಂಡತಿ ಬರುತ್ತೇನೆಂದು ಹಟ ಮಾಡಿದ್ದಳಂತೆ, ಅವನೇ ಬೇಡವೆಂದು ಬಂದಿದ್ದ. ಹಗ್ಗದ ಒಂದು ತುದಿ ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಮರದ ಬೊಡ್ಡೆಗೆ ಒಂದು ಸುತ್ತು ಹಾಕಿ ಕಲ್ಲವ್ವನ ಕೈಗೆ ಕೊಟ್ಟ. ಬುಟ್ಟಿಯ ಹಗ್ಗವನ್ನು ಬೇರೆಯಾಗಿ ಅವಳ ಕಾಲ ಬಳಿ ಇಟ್ಟು, ಒಂದು ಸಲ ಅವಳ ಮುಖ ನೋಡಿ ಇಳಿದ.

"ಎಲ್ಲಿ ಅದೀಯೋ ಮಲಕಣ್ಣಾ?"

"ಇಲ್ಲೇ ಅದೀನಿ ತಂಗಿ."

ಹಾರೆಯ ಸದ್ದು ಶುರುವಾಯಿತು. ಎರಡು ವರ್ಷ ಬಿಸಿಲು ಮಳೆ ತಿಂದ ಬಾವಿ. ಅಂಚಿನಿಂದ ಚೂರು ಚೂರು ಮಣ್ಣು ಜಾರುತ್ತಿದ್ದದ್ದು ನನಗೂ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಹಾರೆ ನಿಂತಿತು. ಕೆಳಗಿನಿಂದ, "ಎಳಿ ತಂಗಿ" ಎಂದು ಕೇಳಿತು.

ಕ‌ಲ್ಲವ್ವ ಎಳೆಯಲಿಲ್ಲ. ಹಗ್ಗ ಎರಡೂ ಕೈಯಲ್ಲಿತ್ತು. ಅವಳು ಬಾವಿಯ ಕಡೆ ನೋಡುತ್ತಿರಲಿಲ್ಲ, ಮರದ ನೆರಳಿನ ಕಡೆ ನೋಡುತ್ತಿದ್ದಳು. ಅವನಿಗೆ ಮೇಲೆ ಹಗ್ಗ ಬಿಗಿಯಲಿಲ್ಲವೆಂದು ತಿಳಿದೇ ಇರುತ್ತದೆ. ಅವನು ಇನ್ನೊಮ್ಮೆ ಕೂಗುತ್ತಾನೆಂದು ನಾನು ಕಾದೆ. ಕೈಯಲ್ಲಿದ್ದ ಒದ್ದೆ ಧೋತರದಿಂದ ನೀರು ನನ್ನ ಪಾದದ ಮೇಲೆ ಸೋರುತ್ತಿತ್ತು. ಅವನು ಕೂಗಲಿಲ್ಲ. ಕೂಗುವ ಹಕ್ಕು ತನಗಿಲ್ಲವೆಂದುಕೊಂಡನೋ, ಅವಳಿಗೇ ಬಿಟ್ಟನೋ, ನಾನು ಕೊನೆಯವರೆಗೂ ಕೇಳಲಿಲ್ಲ.

ಆಮೇಲೆ ಅವಳು ಕಾಲು ಊರಿ ಎಳೆದಳು. ಎಷ್ಟು ಜೋರಾಗಿ ಎಳೆದಳೆಂದರೆ ಬೊಡ್ಡೆಯ ತೊಗಟೆ ಕಿತ್ತು ಬಂತು. ಒಂದೊಂದು ಮೊಳಕ್ಕೂ ಹೊಟ್ಟೆಯೊಳಗಿಂದ ದನಿ ತೆಗೆಯುತ್ತಿದ್ದಳು. ನಾನು ಧೋತರ ಬಿಟ್ಟು ಓಡಿಹೋಗಿ ಹಗ್ಗಕ್ಕೆ ಕೈ ಹಾಕಿದೆ. ಮಲಕಪ್ಪ ಮೇಲೆ ಬಂದು, ಬಾವಿಯ ದಂಡೆ ಹಿಡಿದು, ಮಣ್ಣು ಮೆತ್ತಿದ ಮುಖದಲ್ಲಿ ನಮ್ಮಿಬ್ಬರನ್ನೂ ನೋಡಿದ.

"ಬುಟ್ಟಿ ಎಳಿ ಅಂದೆ ತಂಗಿ. ನನ್ನಲ್ಲ."

ಕಲ್ಲವ್ವ ನೆಲಕ್ಕೆ ಕೂತು, ಕೈಯ ಬೊಬ್ಬೆಗೆ ಗಾಳಿ ಊದುತ್ತ, "ಇರಲಿ. ಬುಟ್ಟಿ ಆಮ್ಯಾಲ ಎಳದರಾತು" ಅಂದಳು.